ಅಡ್ಡಗೈ ಎಸೆತ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು ನಾನು. ವಾಲಿಬಾಲ್ ಹುಡುಗ ಖೋಖೋಗೂ ಹೆಸರು ಕೊಟ್ಟರೆ ‘ಎರಡು ದೋಣಿ ಮೇಲೆ ಕಾಲಿಡಬೇಡವೋ’ ಎಂದು ಗದರುತ್ತಿದ್ದೆ. ನಿವೃತ್ತನಾದ ಮೇಲೆ ಮಗನ ಮನೆಗೆಂದು ಡಲ್ಲಾಸಿಗೆ ಹೋದಾಗ, ಒಂದು ಭಾನುವಾರ ಟಿ.ವಿ.ಯಲ್ಲಿ ಪ್ಯಾಟ್ರಿಕ್ ಮಹೋಮ್ಸ್ ಎಂಬ ಫುಟ್‌ಬಾಲ್ ಆಟಗಾರನ ಆಟ ನೋಡಿದೆ. ಆ ಗದರಿಕೆ ಈಗ ನನ್ನನ್ನೇ ಚುಚ್ಚುತ್ತಿದೆ.

ಅಮೆರಿಕದವರು ಫುಟ್‌ಬಾಲ್ ಎನ್ನುವ ಆಟದಲ್ಲಿ ಕಾಲಿಗಿಂತ ಕೈಗೇ ಕೆಲಸ ಜಾಸ್ತಿ. ಕ್ವಾರ್ಟರ್‌ಬ್ಯಾಕ್ ಎಂಬವನ ಕೈಗೆ ಚೆಂಡು ಬಂದದ್ದೇ ತಡ, ಜಟ್ಟಿಗಳಂಥವರು ಅವನನ್ನು ಕೆಡವಲು ನುಗ್ಗುತ್ತಾರೆ. ಅಷ್ಟರೊಳಗೆ ಮುಂದೆ ಓಡುತ್ತಿರುವ ಜೊತೆಗಾರನಿಗೆ ಎಸೆಯಬೇಕು. ಪಾದ ಊರಿ, ತೋಳನ್ನು ಕಿವಿಯ ಮೇಲಿಂದ ತಂದು ಎಸೆ ಎನ್ನುವುದು ಕೋಚುಗಳ ಪಾಠ. ಆದರೆ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್ ಅಡ್ಡಗೈಯಲ್ಲಿ ಎಸೆಯುತ್ತಾನೆ, ಓಡುತ್ತಲೇ ಎಸೆಯುತ್ತಾನೆ. 2018ರ ಡಿಸೆಂಬರಿನಲ್ಲಿ ಬಾಲ್ಟಿಮೋರ್ ತಂಡದೆದುರು ಮುಖ ಒಂದು ಕಡೆ, ಚೆಂಡು ಇನ್ನೊಂದು ಕಡೆ!

ಟೆಕ್ಸಾಸಿನ ವೈಟ್‌ಹೌಸ್ ಎಂಬ ಸಣ್ಣ ಊರಿನ ಹೈಸ್ಕೂಲಿನಲ್ಲಿ ಅವನು ಮೂರು ಆಟ ಆಡಿದವನು. ಅಲ್ಲಿ ಶಾಲೆಯ ಆಟಕ್ಕೂ ಹಂಗಾಮು ಇದೆ: ಎಲೆ ಉದುರುವಾಗ ಫುಟ್‌ಬಾಲ್, ಚಳಿಗೆ ಬ್ಯಾಸ್ಕೆಟ್‌ಬಾಲ್, ವಸಂತಕ್ಕೆ ಬೇಸ್‌ಬಾಲ್. ಭತ್ತ ಕೊಯ್ದ ಗದ್ದೆಗೆ ಉದ್ದು ಚೆಲ್ಲಿದ ಹಾಗೆ. ಅಪ್ಪ ವೃತ್ತಿಪರ ಬೇಸ್‌ಬಾಲ್ ಪಿಚರ್, ನಮ್ಮ ಬೌಲರನಂಥವನು. ಆ ಆಟದಲ್ಲಿ ನೆಲ ಸವರಿ ಬಂದ ಚೆಂಡನ್ನು ಬಗ್ಗಿ ಹೆಕ್ಕಿ, ಸೊಂಟ ನೆಟ್ಟಗಾಗುವ ಮೊದಲೇ ಎಸೆಯಬೇಕು. ನಮ್ಮ ಕ್ರಿಕೆಟ್ಟಿನಲ್ಲಿ ಪಾಯಿಂಟಿನಿಂದ ರನ್‌ಔಟ್ ಮಾಡುವವನ ಹಾಗೆ. ಅಡ್ಡಗೈ ಬೇಸ್‌ಬಾಲಿನದು. ನೋಡದೆ ಪಾಸ್ ಕೊಡುವುದು ಬ್ಯಾಸ್ಕೆಟ್‌ಬಾಲಿನ ಬುದ್ಧಿ.

2014ರಲ್ಲಿ ಡೆಟ್ರಾಯಿಟ್ ಟೈಗರ್ಸ್ ಬೇಸ್‌ಬಾಲ್ ತಂಡ 37ನೇ ಸುತ್ತಿನಲ್ಲಿ ಅವನನ್ನು ಆರಿಸಿತು. ಹೋಗಲಿಲ್ಲ, ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯ ಸೇರಿದ. ಅಲ್ಲಿ 2016ರಲ್ಲಿ ಓಕ್ಲಹೋಮಾ ಎದುರು ಒಂದೇ ಪಂದ್ಯದಲ್ಲಿ 734 ಗಜ ಪಾಸ್ ಎಸೆದ. ಆದರೂ ತಂಡ 66–59ರಲ್ಲಿ ಸೋತಿತು! ಮರುವರ್ಷ ವೃತ್ತಿಪರ ಫುಟ್‌ಬಾಲ್ ಲೀಗಿನ ಕಾನ್ಸಸ್ ಸಿಟಿ ಚೀಫ್ಸ್ ತಂಡ ಹತ್ತನೆಯವನಾಗಿ ಆರಿಸಿಕೊಂಡು, ಕ್ವಾರ್ಟರ್‌ಬ್ಯಾಕ್ ಜಾಗಕ್ಕೆ ಅಲೆಕ್ಸ್ ಸ್ಮಿತ್ ಇದ್ದಾನಲ್ಲ ಎಂದು ಬೆಂಚಿನಲ್ಲಿ ಕೂರಿಸಿತು. ಆ ವರ್ಷ ಆಡಿದ್ದು ಒಂದೇ ಪಂದ್ಯ. 2018ರಲ್ಲಿ ಎದುರಾಳಿಯ ಗೆರೆ ದಾಟಿಸಿ ಅಂಕ ತರುವ ಟಚ್‌ಡೌನ್ ಪಾಸ್ 50, ಲೀಗಿನ ಶ್ರೇಷ್ಠ ಆಟಗಾರನ ಪ್ರಶಸ್ತಿ. 2020ರ ಫೆಬ್ರುವರಿಯಲ್ಲಿ, ಚೀಫ್ಸ್‌ಗೆ ಐವತ್ತು ವರ್ಷದ ಬಳಿಕ ಲೀಗಿನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಗೆಲುವು.

ಕಾಲೇಜಿನಲ್ಲೂ ಬೇಸ್‌ಬಾಲ್ ಬಿಟ್ಟಿರಲಿಲ್ಲವಂತೆ. 2015ರಲ್ಲಿ ಒಂದೇ ಒಂದು ಪಂದ್ಯಕ್ಕೆ ಪಿಚರ್ ಆಗಿ ಇಳಿದು, ಒಬ್ಬನನ್ನೂ ಔಟ್ ಮಾಡದೆ ಹೊರಬಂದ. ಮಗ ಇದನ್ನು ಹೇಳಿದಾಗ ನಕ್ಕುಬಿಟ್ಟೆ. ನನ್ನ ರಿಜಿಸ್ಟರಿನಲ್ಲಾಗಿದ್ದರೆ ಆ ಹೆಸರಿನ ಮೇಲೆ ಅಂದೇ ಕೆಂಪು ಗೀಟು ಬೀಳುತ್ತಿತ್ತು.