ಪಣಕ್ಕೂ ವ್ಯಾಪಾರಕ್ಕೂ ನಡುವಣ ಗೆರೆ

ತಮಿಳುನಾಡಿನ ಹರೂರಿನ ಸುತ್ತಣ ಹೊಲಗಳಲ್ಲಿ ಮರಗೆಣಸಿನ ಕಾಂಡವನ್ನು ಮಣ್ಣಿಗೆ ಊರುವ ರೈತನು, ಹಲವು ತಿಂಗಳ ಬಳಿಕ ಸೇಲಂ ಸೀಮೆಯ ಸಬ್ಬಕ್ಕಿ ಕಾರ್ಖಾನೆಗಳಲ್ಲಿ ಅದಕ್ಕೆ ಯಾವ ಬೆಲೆ ದೊರಕೀತೆಂಬುದನ್ನು ಅರಿಯನಾದರೂ, ಅವನನ್ನು ಜೂಜುಗಾರನೆಂದು ಯಾರೂ ಕರೆಯರು. ಅದೇ ಸೀಮೆಯಲ್ಲಿ ಮೂರು ಅಂಕೆಗಳನ್ನು ಗೀಚಿದ ಕಾಗದದ ಚೂರನ್ನು ಗುಟ್ಟಾಗಿ ಕೊಂಡು, ಕೇರಳದ ಲಾಟರಿಯ ಫಲಿತಾಂಶಕ್ಕಾಗಿ ಕಾಯುವ ಕೂಲಿಕಾರನಾದರೋ ಕಾನೂನಿನ ಕಣ್ಣಿಗೆ ಜೂಜುಗಾರನೇ. ಇಬ್ಬರೂ ಅನಿಶ್ಚಿತವಾದುದರ ಮೇಲೆ ಹಣವಿಟ್ಟವರೆಂದಮೇಲೆ ಇವರ ನಡುವಣ ಗೆರೆಯನ್ನು ಎಳೆದವರಾರು?

ಪ್ರಾಚೀನರು ಈ ವಿಷಯದಲ್ಲಿ ಏಕಮತದವರಾಗಿರಲಿಲ್ಲ. ದ್ಯೂತವನ್ನು ರಾಜ್ಯದಿಂದಲೇ ಹೊರಗಟ್ಟಬೇಕೆಂದು ಮನುಸ್ಮೃತಿ ವಿಧಿಸಿದರೆ, ಅರ್ಥಶಾಸ್ತ್ರವು ಅದಕ್ಕೊಬ್ಬ ಅಧ್ಯಕ್ಷನನ್ನು ನೇಮಿಸಿ, ಗೆದ್ದ ಹಣದಲ್ಲಿ ನೂರಕ್ಕೆ ಐದನ್ನು ವಸೂಲು ಮಾಡಿಸಿತು.

ಸ್ವತಂತ್ರ ಭಾರತದಲ್ಲಿ ಈ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯದವರೆಗೆ ಒಯ್ದದ್ದು ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆಯ ಪದಬಂಧ. ಪ್ರವೇಶಧನ ತೆತ್ತು ಅದನ್ನು ತುಂಬಿ ಕಳುಹಿಸುತ್ತಿದ್ದವರಲ್ಲಿ ಮುಂಬಯಿ ರಾಜ್ಯದವರೂ ಇದ್ದುದರಿಂದ ಅಲ್ಲಿನ ಸರ್ಕಾರ ತೆರಿಗೆ ಹೇರಿತು. ನಡೆಸುವವರು ತಮ್ಮದು ವ್ಯಾಪಾರ, ಸಂವಿಧಾನದ ರಕ್ಷಣೆ ತಮಗುಂಟೆಂದು ವಾದಿಸಿದರು. ಆದರೆ ಆ ಪದಬಂಧದಲ್ಲಿ ಗೆಲ್ಲಲು ಭಾಷಾಜ್ಞಾನ ಸಾಲದಾಗಿತ್ತು. ಮುಂಚೆಯೇ ಮುದ್ರೆಯೊತ್ತಿ ಇರಿಸಿದ್ದ ಉತ್ತರದೊಡನೆ ತನ್ನ ಉತ್ತರ ಕಾಕತಾಳೀಯವಾಗಿ ಹೊಂದಬೇಕಾಗಿತ್ತು. 1957ರ ಏಪ್ರಿಲ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಸುಧಿ ರಂಜನ್ ದಾಸ್ ಅವರು, ಋಗ್ವೇದ ಮಹಾಭಾರತಗಳನ್ನು ಸ್ಮರಿಸಿ, ಜೂಜು ವ್ಯಾಪಾರವೇ ಅಲ್ಲವೆಂದು ತೀರ್ಪಿತ್ತರು.

ಆ ತೀರ್ಪು ಬಂದ ಹತ್ತು ವರ್ಷಕ್ಕೆ ಕೇರಳವೂ, 1968ರಲ್ಲಿ ಅಣ್ಣಾದೊರೆಯವರ ಮದರಾಸು ಸರ್ಕಾರವೂ ತಾವೇ ಲಾಟರಿ ಆರಂಭಿಸಿದವು. ಬಹುಮಾನ ಬಂದರೆ ಮನೆಗೆ, ಬಾರದಿದ್ದರೆ ನಾಡಿಗೆ ಎಂಬುದು ಮದರಾಸಿನ ಸಮರ್ಥನೆ. ದಿನಗೂಲಿಯ ಒಂದಂಶವನ್ನು ಸೋತವನಿಗೆ ಅದನ್ನು ದೇಶಸೇವೆಯೆಂದು ಹೇಳಿದುದು ನನಗೆ ಕ್ರೌರ್ಯವಾಗಿಯೇ ತೋರುತ್ತದೆ. 2003ರ ಜನವರಿಯಲ್ಲಿ ತಮಿಳುನಾಡು, 2007ರಲ್ಲಿ ಕರ್ನಾಟಕ ಲಾಟರಿಯನ್ನು ನಿಷೇಧಿಸಿದವು. ಮೂರಂಕೆಯ ಕಳ್ಳಚೀಟಿ ಮಾತ್ರ ಉಳಿಯಿತು.

ಹಳೆಯ ಜೂಜಿಗೆ ಹೋಲಿಸಿದರೆ, ಹಣವನ್ನೇ ಸರಕಾಗಿಸಿ ಪಣವೊಡ್ಡುವ ಆಟಕ್ಕೆ ವಯಸ್ಸು ಕಡಿಮೆ. 1971ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ನರು ಡಾಲರಿಗೂ ಚಿನ್ನಕ್ಕೂ ಇದ್ದ ಗಂಟನ್ನು ಬಿಚ್ಚಿದ ಮೇಲೆ ನಾಣ್ಯಗಳ ಬೆಲೆ ದಿನದಿನವೂ ಓಲಾಡತೊಡಗಿತು. 2008ರ ಆಗಸ್ಟ್‌ನಲ್ಲಿ ನಮ್ಮಲ್ಲಿಯೂ ಡಾಲರ್-ರೂಪಾಯಿಯ ವಾಯಿದೆ ವ್ಯವಹಾರ ತೆರೆಯಿತು. ಮೂರು ತಿಂಗಳ ಬಳಿಕ ಡಾಲರ್ ಪಡೆಯಲಿರುವ ತಿರುಪ್ಪೂರಿನ ಬಟ್ಟೆ ರಫ್ತುದಾರನು ಇಂದೇ ಅದರ ದರವನ್ನು ನಿಶ್ಚಯಿಸಿಕೊಂಡರೆ, ಅವನು ತನ್ನ ತಲೆಯ ಮೇಲೆ ಮೊದಲೇ ಇದ್ದ ಅಪಾಯವನ್ನು ಇಳಿಸಿಕೊಳ್ಳುತ್ತಾನೆ. ಕೊಡುವ ಕೊಳ್ಳುವ ಯಾವ ಡಾಲರೂ ಇಲ್ಲದವನು ಅದೇ ಕರಾರಿಗೆ ಕೈಯಿಟ್ಟರೆ, ಇಲ್ಲದ ಅಪಾಯವನ್ನು ತಾನೇ ಹುಟ್ಟಿಸಿಕೊಳ್ಳುತ್ತಾನೆ. ನಾನು ಹುಡುಕುತ್ತಿರುವ ಗೆರೆ ಇಲ್ಲಿಯೇ ಇದೆಯೆಂದು ನನ್ನ ದೃಢವಾದ ಅಭಿಪ್ರಾಯ. ಮರಗೆಣಸಿನ ರೈತನೂ ಮಳೆ, ಮಾರುಕಟ್ಟೆಗಳ ಅಪಾಯವನ್ನು ಹುಟ್ಟಿಸಿದವನಲ್ಲ, ಹೊತ್ತವನು. ಡಾಲರ್-ರೂಪಾಯಿಯಂತಹ ಕರಾರುಗಳ ಹಿಂದೆ ನಿಜವಾದ ವಿದೇಶಿ ವಿನಿಮಯದ ಹೊಣೆಯಿರಲೇಬೇಕೆಂದು ರಿಸರ್ವ್ ಬ್ಯಾಂಕು 2024ರಲ್ಲಿ ಪುನಃ ಸ್ಪಷ್ಟಪಡಿಸಿದ್ದೂ ಈ ವಿವೇಕದಿಂದಲೇ.

ಈಗ ಮೊಬೈಲಿನಲ್ಲಿ ಯೂರೋ-ಡಾಲರಿನ ಏರಿಳಿತದ ಮೇಲೆ ಪಣವೊಡ್ಡಿರೆಂದು ಕರೆಯುವ ಅನಧಿಕೃತ ತಾಣಗಳುಂಟು. 2022ರಿಂದ ರಿಸರ್ವ್ ಬ್ಯಾಂಕು ಅವುಗಳ ಎಚ್ಚರಿಕೆಯ ಪಟ್ಟಿಯನ್ನು ಪ್ರಕಟಿಸುತ್ತಿದೆ. ಅವುಗಳಲ್ಲಿ ವ್ಯವಹರಿಸಿದವನು ತಾನೇ ವಿದೇಶಿ ವಿನಿಮಯವನ್ನು ನಿಯಂತ್ರಿಸುವ ಫೆಮಾ ಕಾಯಿದೆಯ ಕ್ರಮಕ್ಕೆ ಗುರಿಯಾಗುವನೆಂಬುದನ್ನು ಹಳ್ಳಿಯ ತರುಣನಿಗೆ ಅವನ ಭಾಷೆಯಲ್ಲಿ, ಹಣ ಹೋಗುವ ಮುನ್ನವೇ ತಿಳಿಸುವ ಹೊಣೆಯನ್ನು ಬ್ಯಾಂಕುಗಳು ಹೊರಬೇಕು.