ಮಕ್ಕಳ ಇನ್‌ಸ್ಟಾಗ್ರಾಂ: ಪಾಲಕರ ಕಡಿವಾಣ ಎಷ್ಟು ಬಿಗಿ?

ಬೆಂಗಳೂರು: ಪರೀಕ್ಷೆ ಸಮೀಪಿಸಿದಾಗ ಮಕ್ಕಳ ಮೊಬೈಲ್ ಕಸಿದು ಬೀರುವಿನಲ್ಲಿಡುವುದು, ಮುಗಿದ ಮರುದಿನ ಮರಳಿಸುವುದು ಅನೇಕ ಮನೆಗಳ ಪದ್ಧತಿ. ಇವೆರಡರ ನಡುವಿನ ದಾರಿಯೊಂದು ಫೋನಿನೊಳಗೇ ಇದೆ.

ಮೆಟಾ ಸಂಸ್ಥೆ 2024ರ ಸೆಪ್ಟೆಂಬರ್‌ನಲ್ಲಿ ಇನ್‌ಸ್ಟಾಗ್ರಾಂಗೆ ಅಳವಡಿಸಿದ 'ಟೀನ್ ಅಕೌಂಟ್' ವ್ಯವಸ್ಥೆ 2025ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂದಿತು. ಇದರನ್ವಯ ಹದಿಹರೆಯದವರ ಖಾತೆ ತಾನಾಗಿಯೇ ಖಾಸಗಿಯಾಗಿರುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಸೂಚನೆಗಳ ಸದ್ದಿರುವುದಿಲ್ಲ. 16ಕ್ಕಿಂತ ಕಿರಿಯರು ಈ ಕಟ್ಟುಗಳನ್ನು ಸಡಿಲಿಸಲು ಪಾಲಕರ ಅನುಮತಿ ಬೇಕು. ಪಾಲಕರು ತಮ್ಮ ಖಾತೆಯನ್ನು ಮಗುವಿನ ಖಾತೆಗೆ ಜೋಡಿಸಿಕೊಂಡರೆ ದಿನದ ಬಳಕೆಗೆ ಮಿತಿ ಹಾಕಬಹುದು, ಕಳೆದ 7 ದಿನಗಳಲ್ಲಿ ಮಗು ಯಾರಿಗೆ ಸಂದೇಶ ಕಳುಹಿಸಿದೆ ಎಂಬುದನ್ನು ನೋಡಬಹುದು. ಸಂದೇಶದ ಒಕ್ಕಣೆ ಮಾತ್ರ ಕಾಣದು. ಅದು ಸರಿಯೇ, ಮಗಳ ಗೆಳತಿಯರಾರೆಂದು ತಿಳಿದಿರುವುದಕ್ಕೂ ಆಕೆಯ ದಿನಚರಿಯನ್ನು ಕದ್ದು ಓದುವುದಕ್ಕೂ ಅಂತರವಿದೆ.

ತೊಡಕಿರುವುದು ವಯಸ್ಸಿನ ವಿಷಯದಲ್ಲಿ. ಇನ್‌ಸ್ಟಾಗ್ರಾಂನಲ್ಲಿ ಖಾತೆ ತೆರೆಯಲು 13 ತುಂಬಿರಬೇಕು. ಆದರೆ ಜನ್ಮವರ್ಷ ನಮೂದಿಸುವುದು ಮಗುವೇ. 11ರ ಬಾಲಕ ತನಗೆ 20 ಎಂದು ಬರೆದರೆ, ಸಂಸ್ಥೆ ಪತ್ತೆಹಚ್ಚುವವರೆಗೂ ಯಾವ ನಿರ್ಬಂಧವೂ ತಾಗದು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ತುಂಬದವರ ಮಾಹಿತಿ ಬಳಕೆಗೆ ಪಾಲಕರ ದೃಢೀಕೃತ ಒಪ್ಪಿಗೆಯನ್ನು ಕಡ್ಡಾಯಗೊಳಿಸಿದೆ. 2025ರ ನವೆಂಬರ್‌ನಲ್ಲಿ ಪ್ರಕಟವಾದ ನಿಯಮಗಳು ಇದರ ಪಾಲನೆಗೆ 18 ತಿಂಗಳ ಕಾಲಾವಕಾಶ ನೀಡಿದವು. ಆದರೆ ಅಪ್ಪನ ಫೋನಿಗೆ ಬರುವ ಒಟಿಪಿಯನ್ನು ಮಗನೇ ಓದಿ ಹೇಳುವ ಮನೆಗಳೂ ಇವೆ. ಅಂತಹ ಕಡೆ ಖಾತೆ ತೆರೆಯುವ ದಿನವೇ ಹಿರಿಯರು ಪಕ್ಕದಲ್ಲಿ ಕುಳಿತು, ನಿಜವಾದ ಜನ್ಮದಿನಾಂಕವನ್ನು ತಾವೇ ತುಂಬುವುದು ಲೇಸು.