ಒಂದು ಮುಖಪುಟ, ಎಷ್ಟೊಂದು ಕೈಗಳು!

ಅದು ಕಾಮಿಕ್ಸ್ ಪುಸ್ತಕ. ಆದರೆ ಬಿಡಿಸಿ ಓದುವ ಹಾಗಿಲ್ಲ! ಹಿಂದೆ ಮುಂದೆ ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ಕು, ಸುತ್ತಲೂ ಬೆಸೆದ ಅಂಚು, ನೆತ್ತಿಯ ಮೇಲೊಂದು ಹಳದಿ ಲೇಬಲ್ಲು. ಒಳಗೆ ಕೂತಿರುವುದು ಅಮೆರಿಕದ ಮಾರ್ವೆಲ್ ಸಂಸ್ಥೆಯ ‘ದಿ ಇನ್‌ಕ್ರೆಡಿಬಲ್ ಹಲ್ಕ್’ ಸರಣಿಯ 181ನೇ ಸಂಚಿಕೆ, 1974ರ ನವೆಂಬರ್ ತಿಂಗಳದ್ದು. ಹಿಂದಿನ ಸಂಚಿಕೆಯ ಕೊನೇ ಚೌಕದಲ್ಲಿ ಸುಮ್ಮನೆ ಮುಖ ತೋರಿಸಿ ಹೋಗಿದ್ದ ವುಲ್ವರಿನ್ ಎಂಬ ವೀರ ಪೂರ್ತಿಯಾಗಿ ಓದುಗರೆದುರು ಬಂದು ನಿಂತದ್ದು ಇದರಲ್ಲೇ. ಅಂದು ಇದರ ಬೆಲೆ 25 ಸೆಂಟು. ಇಂದು ಇಂಥ ಕೆಲವು ಪ್ರತಿಗಳ ಮುಖಪುಟದಲ್ಲಿ ಮೂರು ಸಹಿಗಳಿವೆ: ಕಥೆ ಬರೆದ ಲೆನ್ ವೇನ್, ಚಿತ್ರ ಬರೆದ ಹರ್ಬ್ ಟ್ರಿಂಪ್, ವುಲ್ವರಿನ್ನನ ವೇಷವನ್ನು ರೂಪಿಸಿದ ಜಾನ್ ರೊಮಿಟಾ.

ಟ್ರಿಂಪ್ 2015ರಲ್ಲಿ ತೀರಿಕೊಂಡರು. ವೇನ್ 2017ರಲ್ಲಿ. ರೊಮಿಟಾ 2023ರಲ್ಲಿ. ಅಂದರೆ ಈ ಮೂರು ಸಹಿ ಒಂದೇ ಹಾಳೆಯ ಮೇಲೆ ಹೊಸದಾಗಿ ಕೂಡುವುದು ಇನ್ನು ಸಾಧ್ಯವೇ ಇಲ್ಲ. ಎಷ್ಟು ಕೂಡಿದ್ದವೋ ಅಷ್ಟೇ. ಈ ಒಂದು ಸಂಗತಿ ತಲೆಗೆ ಹೊಕ್ಕಿದ್ದೇ ತಡ, ನನಗೆ ಬೇರೆ ಕೆಲಸ ರುಚಿಸದಂತಾಯಿತು. ಯಾರು ಇವರು, ಒಂದೊಂದೇ ಸಹಿಗಾಗಿ ವರ್ಷಗಟ್ಟಲೆ ಊರೂರು ಸುತ್ತುವವರು? ಆ ಹಳದಿ ಲೇಬಲ್ಲು ಏನು? ಆ ಪೆಟ್ಟಿಗೆಯ ಮೇಲಿನ 9.4, 9.8 ಎಂಬ ಅಂಕಿ ಕೊಡುವವರು ಯಾರು?

ಭೀಮಸಮುದ್ರದವರಿಗೆ ಅಂಕಿಯ ವಿಷಯ ಹೇಳಿ ತಿಳಿಸಬೇಕಾದ್ದೇ ಇಲ್ಲ. ನಮ್ಮ ಊರು ಬದುಕಿರುವುದೇ ದರ್ಜೆ ಕಟ್ಟುವುದರ ಮೇಲೆ. ಇಲ್ಲಿನ ಅಡಿಕೆ ಮಂಡಿಗೆ ಚೀಲ ಬಂದರೆ ಮೊದಲು ಬಾಯಿ ಬಿಚ್ಚಿ ಒಂದು ಹಿಡಿ ಅಂಗೈಗೆ ಸುರಿದುಕೊಳ್ಳುತ್ತಾರೆ. ಬಣ್ಣ ನೋಡುತ್ತಾರೆ, ಮೇಲ್ಮೈ ಸುಕ್ಕು ನೋಡುತ್ತಾರೆ, ಅಡಕತ್ತರಿಯಲ್ಲಿ ಸೀಳಿ ಒಳಗು ನೋಡುತ್ತಾರೆ. ಅಪಿ, ಕೆಂಪುಗೋಟು, ಬೆಟ್ಟೆ, ರಾಶಿ ಎಂದು ಬೇರೆ ಬೇರೆ ಧಾರಣೆ. ಒಂದು ದರ್ಜೆಗೂ ಇನ್ನೊಂದಕ್ಕೂ ಕ್ವಿಂಟಲ್ಲಿಗೆ ಸಾವಿರಗಟ್ಟಲೆ ರೂಪಾಯಿ ವ್ಯತ್ಯಾಸ. ಮಾಲು ಯಾರದ್ದೇ ಇರಲಿ, ನೋಡುವ ಕಣ್ಣು ಪಳಗಿದ್ದಾಗಿರಬೇಕು, ಹೇಳುವ ಮಾತು ನಂಬಿಕಸ್ತದ್ದಾಗಿರಬೇಕು. ಕಾಮಿಕ್ಸ್ ಲೋಕದಲ್ಲೂ ನಡೆಯುವುದು ಇದೇ ಕಸುಬು!

ಅಮೆರಿಕದ ಫ್ಲಾರಿಡಾ ರಾಜ್ಯದ ಸರಸೋಟಾದಲ್ಲಿ ಸಿಜಿಸಿ ಎಂಬ ಸಂಸ್ಥೆ ಇದೆ. 2000ದಲ್ಲಿ ಶುರುವಾಯಿತು. ಅಲ್ಲಿಗೆ ಕಳಿಸಿದ ಪುಸ್ತಕವನ್ನು ಪರಿಣತರು ಪುಟಪುಟವಾಗಿ ತಿರುವಿ ನೋಡುತ್ತಾರೆ. ಬೆನ್ನಿನ ಮಡಿಕೆಯಲ್ಲಿ ಕೂದಲೆಳೆಯಷ್ಟು ಗೀರು ಇದೆಯೇ? ಪಿನ್ನು ತುಕ್ಕು ಹಿಡಿದಿದೆಯೇ? ಮೂಲೆ ಮೊಂಡಾಗಿದೆಯೇ? ಹಾಳೆ ಬೆಳ್ಳಗಿದೆಯೇ, ಕೆನೆಬಣ್ಣಕ್ಕೆ ತಿರುಗಿದೆಯೇ, ಮುಟ್ಟಿದರೆ ಮುರಿಯುವಂತಾಗಿದೆಯೇ? ಹಾಳೆಯ ಬಣ್ಣವನ್ನೂ ಲೇಬಲ್ಲಿನ ಮೇಲೆ ನಮೂದಿಸುತ್ತಾರೆ. ಅಂಕಿ 0.5ರಿಂದ 10ರವರೆಗೆ, ಒಟ್ಟು 25 ಮೆಟ್ಟಿಲು. ಕೆಳಗಿನ ಮೆಟ್ಟಿಲುಗಳು ಅಗಲ, ಮೇಲಕ್ಕೆ ಹೋದಂತೆ ಕಿರಿದು: 9, 9.2, 9.4, 9.6, 9.8, 9.9, ಆಮೇಲೆ 10. ಬರಿಗಣ್ಣಿಗೆ ಎರಡೂ ಹೊಚ್ಚಹೊಸದಾಗಿ ಕಾಣುವ ಪ್ರತಿಗಳು, ಒಂದಕ್ಕೆ 9.6, ಇನ್ನೊಂದಕ್ಕೆ 9.8. ಆ ಎರಡು ಚುಕ್ಕಿ ಅಂತರದಲ್ಲಿ ಬೆಲೆ ಎಲ್ಲಿಂದೆಲ್ಲಿಗೋ ಜಿಗಿದುಬಿಡುತ್ತದೆ!

ಹಲ್ಕ್ 181ರಲ್ಲೇ ಒಂದು ಅದ್ಭುತ ಉದಾಹರಣೆ ಇದೆ. ಆ ಕಾಲದಲ್ಲಿ ಮಾರ್ವೆಲ್‌ನವರು ಓದುಗರ ಪತ್ರಗಳ ಪುಟದಲ್ಲಿ ಒಂದೊಂದು ಪುಟ್ಟ ಚಿತ್ರದ ಸ್ಟ್ಯಾಂಪು ಅಚ್ಚು ಹಾಕುತ್ತಿದ್ದರು. ಕತ್ತರಿಸಿ ಪುಸ್ತಕಕ್ಕೆ ಅಂಟಿಸಿ, ಪೂರ್ತಿ ಸಂಗ್ರಹಿಸಿ ಎಂದು ಮಕ್ಕಳಿಗೆ ಆಸೆ ಹುಟ್ಟಿಸುವ ಉಪಾಯ. ಈ ಸಂಚಿಕೆಯಲ್ಲಿದ್ದದ್ದು ಶಾನಾ ಎಂಬ ಕಾಡಿನ ವೀರವನಿತೆಯ ಸ್ಟ್ಯಾಂಪು. ಮಕ್ಕಳು ಹೇಳಿದ ಮಾತು ಕೇಳಿದರು, ಕತ್ತರಿ ಹಿಡಿದರು! ಹಾಗಾಗಿ ಹೊರಗಿನಿಂದ ಥಳಥಳಿಸುವ ಎಷ್ಟೋ ಪ್ರತಿಗಳ ಹೊಟ್ಟೆಯಲ್ಲಿ ಒಂದು ಚೌಕಾಕಾರದ ತೂತಿದೆ. ತೂತಿರುವ ಪ್ರತಿಗೆ ಸಾಮಾನ್ಯವಾಗಿ ಸಿಗುವುದು ಹಸಿರು ಲೇಬಲ್ಲು, ಅಂದರೆ ‘ಷರತ್ತಿನ ಮೇಲೆ ದರ್ಜೆ’. ಅರ್ಧ ಶತಮಾನದ ಹಿಂದೆ ಯಾವುದೋ ಮಗು ಕತ್ತರಿ ಕೈಗೆತ್ತಿಕೊಂಡಿತೋ ಇಲ್ಲವೋ ಎಂಬುದರ ಮೇಲೆ ಇವತ್ತಿನ ಬೆಲೆ ನಿಂತಿದೆ!

ಇನ್ನು ಸಹಿ. ರೋಮಾಂಚನ ಇರುವುದೇ ಇಲ್ಲಿ. ಮುಖಪುಟದ ಮೇಲೆ ಯಾರೋ ಪೆನ್ನಿನಲ್ಲಿ ಗೀಚಿದರೆ ಅದು ಕಲೆ, ದೋಷ, ದರ್ಜೆ ಇಳಿಯಲೇಬೇಕು. ಅದೇ ಗೀಚು ಅದನ್ನು ಸೃಷ್ಟಿಸಿದವರದ್ದೇ ಎಂದು ಖಾತ್ರಿಯಾದರೆ? ಖಾತ್ರಿಪಡಿಸುವುದು ಹೇಗೆ? ಸಿಜಿಸಿ ಕಂಡುಕೊಂಡ ದಾರಿ ಬಹಳ ಸರಳ: ಸಾಕ್ಷಿ. ಕಲಾವಿದ ಸಹಿ ಹಾಕುವ ಹೊತ್ತಿಗೆ ಸಂಸ್ಥೆ ಒಪ್ಪಿದ ಸಾಕ್ಷಿದಾರ ಎದುರಿಗೇ ನಿಂತಿರಬೇಕು. ಶಾಯಿ ಆರುವ ತನಕ ಪುಸ್ತಕದ ಮೇಲಿನ ಕಣ್ಣು ಕೀಳುವಂತಿಲ್ಲ. ಸಹಿಯಾದ ಮೇಲೆ ಪುಸ್ತಕ ಒಡೆಯನ ಕೈಗೆ ಮರಳುವುದೂ ಇಲ್ಲ, ಸಾಕ್ಷಿದಾರನ ಕೈಯಿಂದ ನೇರ ದರ್ಜೆಯ ಮೇಜಿಗೆ. ಹಾಗೆ ಬಂದದ್ದಕ್ಕೆ ಮಾತ್ರ ಹಳದಿ ಲೇಬಲ್ಲು, ಅದರ ಮೇಲೆ ಸಹಿ ಹಾಕಿದವರ ಹೆಸರು, ಸಹಿ ಬಿದ್ದ ತಾರೀಕು. ಸಾಕ್ಷಿ ಇಲ್ಲದೆ ಮನೆಯಲ್ಲಿ ಉಳಿದ ಹಳೆಯ ಸಹಿಗಳ ಗತಿ? 2014ರಲ್ಲಿ ಹುಟ್ಟಿದ ಸಿಬಿಸಿಎಸ್ ಎಂಬ ಇನ್ನೊಂದು ಸಂಸ್ಥೆ ಬರವಣಿಗೆ ತಾಳೆ ನೋಡಿ ಅವನ್ನೂ ದೃಢಪಡಿಸುವ ಬಾಗಿಲು ತೆರೆಯಿತು.

ಒಂದು ಸಹಿಗೇ ಇಷ್ಟು ಕಟ್ಟುಪಾಡು. ಎರಡನೆಯದು, ಮೂರನೆಯದು ಬೇಕೆಂದರೆ? ಬೆಸೆದ ಪೆಟ್ಟಿಗೆಯನ್ನು ಒಡೆಯಬೇಕು! ಒಡೆದು ಪುಸ್ತಕ ಹೊರತೆಗೆದು, ಮತ್ತೆ ಸಾಕ್ಷಿ ನಿಲ್ಲಿಸಿ, ಮತ್ತೆ ಸಹಿ ಹಾಕಿಸಿ, ಮತ್ತೆ ದರ್ಜೆಗೆ ಕಳಿಸಬೇಕು. ಈ ಸಲ ಅದೇ ಅಂಕಿ ಬರುತ್ತದೆಂಬ ಭರವಸೆ ಇಲ್ಲ. ಹೊರತೆಗೆಯುವಾಗ ಒಂದು ಮೂಲೆ ಬಾಗಿದರೂ 9.8 ಹೋಗಿ 9.4 ಆದೀತು. ಅದಕ್ಕೇ ಬಲ್ಲವರು ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಸಹಿ ಬೀಳಬೇಕಾದ ಜಾಗದಲ್ಲಷ್ಟೇ ಚೀಲಕ್ಕೆ ಒಂದು ಕಿಟಕಿ ಕೊಯ್ದಿರುತ್ತಾರೆ. ಕಲಾವಿದನ ಅಂಗೈ ಮುಖಪುಟಕ್ಕೆ ತಾಗುವುದೇ ಇಲ್ಲ. ಪೆನ್ನಿನ ತುದಿ ಮಾತ್ರ ತಾಗುತ್ತದೆ. ಮುಂದಿನವರಿಗೆಂದು ಜಾಗ ಬಿಟ್ಟು ಕಿಟಕಿ ಕೊಯ್ಯಬೇಕು. ಮೂರು ವರ್ಷದ ಮೇಲೆ ಸಿಗಬಹುದಾದ ಸಹಿಗೆ ಇವತ್ತೇ ಸ್ಥಳ ಕಾದಿರಿಸುವ ಆ ನಂಬಿಕೆಯನ್ನು ನೋಡಿ!

ಕಾದರೂ ಸಿಗದವರಿದ್ದಾರೆ. ಹಲ್ಕ್ 181ಕ್ಕೆ ಅಕ್ಷರ ಬರೆದ ಆರ್ಟಿ ಸೈಮೆಕ್ 1975ರಲ್ಲೇ ಹೋದರು, ಪೆನ್ಸಿಲ್ ಗೆರೆಗೆ ಶಾಯಿ ಕೊಟ್ಟ ಜ್ಯಾಕ್ ಏಬೆಲ್ 1996ರಲ್ಲಿ. ಸೂಪರ್‌ಮ್ಯಾನ್‌ನನ್ನು ಹುಟ್ಟಿಸಿದ ಜೋ ಶುಸ್ಟರ್ 1992ರಲ್ಲಿ, ಜೆರ‍್ರಿ ಸೀಗಲ್ 1996ರಲ್ಲಿ. ಮಾರ್ವೆಲ್‌ನ ಅರ್ಧ ಲೋಕವನ್ನೇ ಚಿತ್ರಿಸಿದ ಜ್ಯಾಕ್ ಕರ್ಬಿ 1994ರಲ್ಲಿ. ಇವರೆಲ್ಲ ಹೋದದ್ದು ಸಾಕ್ಷಿಯ ಪದ್ಧತಿ ಹುಟ್ಟುವ ಮೊದಲೇ. ಸಾಕ್ಷಿ ನಿಂತು ನೋಡಿದ ಕರ್ಬಿಯ ಸಹಿ ಎಂಬುದು ಯಾವ ದುಡ್ಡಿಗೂ ಸಿಗುವುದಿಲ್ಲ. ಬಹುಸಹಿಯ ಬೆನ್ನು ಹತ್ತಿದವರು ಓಡುತ್ತಿರುವುದು ಕಾಲದ ಎದುರು.

ಇಷ್ಟೆಲ್ಲ ಓದುತ್ತಾ ಹೋದವನು ಒಂದು ಕಡೆ ಗಕ್ಕನೆ ನಿಂತುಬಿಟ್ಟೆ. ಹುಡುಕಾಟದ ದಾರಿ ಫ್ಲಾರಿಡಾದಿಂದ ಸೀದಾ ಬೆಂಗಳೂರಿಗೆ ಬಂದಿತ್ತು!

‘ಅಮರ ಚಿತ್ರಕಥೆ’ಯ ‘ಕೃಷ್ಣ’ ಯಾರಿಗೆ ಗೊತ್ತಿಲ್ಲ? ಬರೆದವರು ಅನಂತ ಪೈ, ಚಿತ್ರ ರಾಮ್ ವಾಯಿರ್‌ಕರ್ ಅವರದು. ಭಾರತದ ಕೋಟ್ಯಂತರ ಮಕ್ಕಳು ಓದಿದ ಮಾಲಿಕೆಯ ಮೊದಲ ಪುರಾಣಕಥೆ. ಆದರೆ ಅದಕ್ಕೆ ಆಗ ಕೊಟ್ಟ ಸಂಖ್ಯೆ ನೋಡಿ: 11. ಒಂದಲ್ಲ, ಹನ್ನೊಂದು! ಹಾಗಾದರೆ ಮೊದಲ ಹತ್ತು ಎಲ್ಲಿ? ಆ ಹತ್ತು ಕನ್ನಡದವು! 1965ರಲ್ಲಿ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ ಸಿಂಡರೆಲಾ, ಅಲಾದೀನ್, ಪಿನೋಕಿಯೊ ಮುಂತಾದ ಹೊರದೇಶದ ಕಥೆಗಳು ಕನ್ನಡದ ಚಿತ್ರಕಥೆಗಳಾಗಿ ಹೊರಬಂದವು. ದೇಶಕ್ಕೇ ಪುರಾಣ ಓದಿಸಿದ ಮಾಲಿಕೆಯ ಮೊದಲ ಮಾತು ಆಡಿದ್ದು ನಮ್ಮ ಭಾಷೆಯಲ್ಲಿ! ಅದನ್ನು ಊರೂರಿಗೆ ಮುಟ್ಟಿಸಿದ ಅನಂತ ಪೈ ಕೂಡ ನಮ್ಮವರೇ. 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿದವರು. ಅಮರ ಚಿತ್ರಕಥೆಗೂ ಮುಂಚೆ ಫ್ಯಾಂಟಮ್, ಮ್ಯಾಂಡ್ರೇಕ್ ಕಥೆಗಳ ಇಂದ್ರಜಾಲ ಕಾಮಿಕ್ಸ್‌ನಲ್ಲಿ ಪಳಗಿದವರು.

ಈಗ ಈ ತಾರೀಕುಗಳನ್ನು ಒಟ್ಟಿಗಿಟ್ಟು ನೋಡಿ. ಭಾರತದ ಮೊದಲ ಕಾಮಿಕ್ ಕಾನ್ ದೆಹಲಿಯಲ್ಲಿ ನಡೆದದ್ದು 2011ರ ಫೆಬ್ರವರಿಯಲ್ಲಿ. ಅಭಿಮಾನಿಗಳು ಸಾಲು ನಿಂತು ಕಲಾವಿದರ ಸಹಿ ಪಡೆಯುವ ಜಾತ್ರೆ ನಮ್ಮ ದೇಶಕ್ಕೂ ಬಂತು. ಫೆಬ್ರವರಿ 19ರಂದು ಅಲ್ಲಿ ಅನಂತ ಪೈ ಅವರಿಗೆ ಜೀವಮಾನ ಸಾಧನೆಯ ಪ್ರಶಸ್ತಿ ಘೋಷಣೆಯಾಯಿತು. ಫೆಬ್ರವರಿ 24ರಂದು ಅವರು ತೀರಿಕೊಂಡರು. ಐದೇ ದಿನ! ‘ಕೃಷ್ಣ’ನಿಗೆ ರೂಪ ಕೊಟ್ಟ ವಾಯಿರ್‌ಕರ್ 2003ರಲ್ಲೇ ಹೋಗಿದ್ದರು. ಬೆಂಗಳೂರಿಗೆ ಕಾಮಿಕ್ ಕಾನ್ ಬಂದದ್ದು 2012ರಲ್ಲಿ. ನಮ್ಮ ಓದುಗರು ಸಾಲಿನಲ್ಲಿ ನಿಲ್ಲುವ ಹೊತ್ತಿಗೆ, ಬರೆದ ಕೈಯೂ ಇರಲಿಲ್ಲ, ಗೆರೆ ಎಳೆದ ಕೈಯೂ ಇರಲಿಲ್ಲ.

ಚಿತ್ರಕಥೆ ಎಂಬುದು ಒಬ್ಬರ ಕೆಲಸವಲ್ಲ ಎಂದು ನನಗೆ ಈ ಹಳದಿ ಲೇಬಲ್ಲುಗಳು ಕಲಿಸಿದವು. ಒಬ್ಬರು ಕಥೆ ಕಟ್ಟುತ್ತಾರೆ, ಒಬ್ಬರು ಪೆನ್ಸಿಲ್ ಹಿಡಿಯುತ್ತಾರೆ, ಒಬ್ಬರು ಶಾಯಿ ಕೊಡುತ್ತಾರೆ, ಒಬ್ಬರು ಬಣ್ಣ, ಮತ್ತೊಬ್ಬರು ಮಾತಿನ ಗುಳ್ಳೆಯೊಳಗಿನ ಅಕ್ಷರ. ಕನ್ನಡದ ಪ್ರತಿಯಾದರೆ ಅನುವಾದಕರು ಬೇರೆ. ಅಚ್ಚಾಗುವ ಹೊತ್ತಿಗೆ ಆ ಕೈಗಳೆಲ್ಲ ಒಂದೇ ಪುಟದೊಳಗೆ ಕರಗಿ ಮಾಯವಾಗಿರುತ್ತವೆ. ಬಹುಸಹಿಯ ಸಂಗ್ರಾಹಕರು ಮಾಡುತ್ತಿರುವುದು ಆ ಮಾಯವಾದ ಕೈಗಳನ್ನು ಒಬ್ಬೊಬ್ಬರನ್ನಾಗಿ ಹುಡುಕಿ, ಅವರು ಕೂಡಿ ಮಾಡಿದ ವಸ್ತುವಿನ ಮೇಲೆಯೇ ಮತ್ತೆ ಕೂಡಿಸುವ ಕೆಲಸ. ಹರಾಜಿನ ಬೆಲೆ ಏನೇ ಇರಲಿ, ಈ ಕೆಲಸದ ಬೆಲೆ ಅದಕ್ಕಿಂತ ದೊಡ್ಡದೆಂದು ನಾನು ನಂಬಿದ್ದೇನೆ.

ಹಾಗಾಗಿ ಭೀಮಸಮುದ್ರದ, ಹೊಳಲ್ಕೆರೆಯ, ಹಿರಿಯೂರಿನ, ಹೊಸದುರ್ಗದ ಮನೆಗಳಿಗೆ ನನ್ನದೊಂದು ಕಳಕಳಿಯ ಮಾತು. ಅಟ್ಟದ ಟ್ರಂಕಿನಲ್ಲಿ ಹಳೆಯ ಅಮರ ಚಿತ್ರಕಥೆ, ಇಂದ್ರಜಾಲ, ಚಂದಮಾಮ ಇದ್ದರೆ ರದ್ದಿಗೆ ಹಾಕಬೇಡಿ. ಹರಿದಲ್ಲಿ ಸೆಲ್ಲೊಟೇಪು ಅಂಟಿಸಬೇಡಿ. ಅದರ ಗೋಂದು ಹಾಳೆಯನ್ನು ತಿನ್ನುತ್ತದೆ. ಬಿಸಿಲು, ತೇವ ತಾಗದ ಕಡೆ, ಬೆನ್ನಿಗೆ ಗಟ್ಟಿ ರಟ್ಟು ಕೊಟ್ಟು, ನೇರವಾಗಿ ನಿಲ್ಲಿಸಿಡಿ. ಕಾಮಿಕ್ ಕಾನ್‌ಗೋ ಪುಸ್ತಕ ಬಿಡುಗಡೆಗೋ ಹೋಗುವ ಮಕ್ಕಳ ಕೈಗೆ ಒಂದು ಪ್ರತಿ ಕೊಟ್ಟು ಕಳಿಸಿ. ಬಾಲ್‌ಪೆನ್ನು ಬೇಡ, ಒತ್ತಿದ ಗುರುತು ಒಳಪುಟಕ್ಕೂ ಇಳಿಯುತ್ತದೆ, ಮಾರ್ಕರ್ ಇರಲಿ. ಬರೆದವರ ಸಹಿ ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಬೇಡಿ. ಚಿತ್ರ ಬರೆದವರು ಯಾರು ಕೇಳಿ, ಬಣ್ಣ ಹಾಕಿದವರು ಯಾರು ಕೇಳಿ, ಕನ್ನಡಕ್ಕೆ ತಂದವರು ಯಾರು ಕೇಳಿ. ಅವರಿರುವ ಊರಿಗೆ ಹೋಗಿ. ಸಹಿ ಹಾಕುವಾಗ ಒಂದು ಫೋಟೊ ತೆಗೆದು, ತಾರೀಕು ಬರೆದಿಡಿ. ಅಷ್ಟಾದರೂ ಸಾಕ್ಷಿ ಉಳಿಯಲಿ.

ಅವರಲ್ಲಿ ಎಷ್ಟೋ ಜನರನ್ನು ಈವರೆಗೆ ಯಾರೂ ಸಹಿ ಕೇಳಿಯೇ ಇಲ್ಲ. ನೀವೇ ಮೊದಲು ಕೇಳಿ. ಈ ವರ್ಷವೇ ಕೇಳಿ.